ರೇಡಿಯೇಟರಿನ ಗಿಳಿಹಸಿರು

ತಮ್ಮನ ಬೈಕಿನ ರೇಡಿಯೇಟರಿಗೆ ಬಣ್ಣದ ನೀರು ಹಾಕಿದವಳು ನಾನು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಹೇಳಬೇಕಾಗಿದ್ದ ದಿನ ನಾನು ಹೇಳಲಿಲ್ಲ.

ಕೊಳ್ಳೇಗಾಲದಲ್ಲಿ ನಮ್ಮದು ರೇಷ್ಮೆ ನೂಲಿಗೆ ಬಣ್ಣ ಹಾಕುವ ಮನೆ. ಏಳನೇ ಕ್ಲಾಸು ಮುಗಿದ ಮೇಲೆ ನಾನು ಸ್ಕೂಲಿಗೆ ಹೋಗಲಿಲ್ಲ, ಅಪ್ಪನ ಒಲೆಯ ಮುಂದೆ ಕೂತೆ. ಈಗ ಒಲೆ ನನ್ನದು. ಬಣ್ಣ ಹಾಕಿದ ನೂಲಿನ ಲಡಿಗಳನ್ನು ಅಗರ, ಯಳಂದೂರು, ಹನೂರು ಕಡೆಯ ಮಗ್ಗಗಳಿಗೆ ತಲುಪಿಸುವುದು ತಮ್ಮನ ಕೆಲಸ. ಅದಕ್ಕೆಂದು ಒಂದು ಹಳೆಯ ಬೈಕು ಕೊಂಡಿದ್ದ. ಊರಿನ ಬೈಕುಗಳ ಇಂಜಿನ್ ಗಾಳಿಗೆ ತಣ್ಣಗಾದರೆ ಇದರದು ನೀರಿಗೆ ತಣ್ಣಗಾಗುತ್ತದೆ, ಕಾರಿನ ಹಾಗೆ ರೇಡಿಯೇಟರ್ ಇದೆ ಎಂದು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದ. ಬಂದವರು ಬಗ್ಗಿ ನೋಡಿದ ಮೇಲೆಯೇ ಕಾಫಿ.

ಅವನು ಬಸ್ಸಿನಲ್ಲಿ ಮೈಸೂರಿಗೆ ಹೋಗಿದ್ದ ಒಂದು ಮಧ್ಯಾಹ್ನ ನಾನು ಆ ಬೈಕು ಹತ್ತಿದೆ. ನಲವತ್ತು ದಾಟಿದವಳಿಗೆ ಅದು ಬೇಕಿರಲಿಲ್ಲ. ಆದರೆ ಅವನು ಗೇರು ಹಾಕುವುದನ್ನು ದಿನಾ ನೋಡಿ ನೋಡಿ ನನಗೂ ಬರುತ್ತದೆ ಅಂದುಕೊಂಡಿದ್ದೆ. ಗೇಟಿನವರೆಗೆ ಹೋಗಿ ವಾಪಸ್ಸು ಬರುವುದು ಅಂತಿತ್ತು. ಬೈಕು ಗೇಟಿನವರೆಗೆ ಹೋಗಲಿಲ್ಲ. ನೂಲು ಜಾಲಿಸುವ ಕಲ್ಲಿಗೆ ತಾಗಿ ಬಿತ್ತು. ನನ್ನ ಮೊಣಕಾಲು ತರಚಿತು. ಬೈಕಿನ ಮುಂದಿನ ರಬ್ಬರ್ ಪೈಪು ಕಳಚಿಕೊಂಡು, ತಮ್ಮ ಕೂಲೆಂಟ್ ಅನ್ನುವ ಹಸಿರು ನೀರು ಅಂಗಳಕ್ಕೆಲ್ಲ ಹರಿಯಿತು.

ಬೈಕು ಎತ್ತಿ ನಿಲ್ಲಿಸಿ, ಪೈಪು ಕೂರಿಸಿ, ಕ್ಲಿಪ್ಪಿನ ತಿರುಪು ಬಿಗಿ ಮಾಡಿದೆ. ಒಂದು ಚೊಂಬು ಬೋರಿನ ನೀರು ತಂದೆ. ಬಣ್ಣಕ್ಕೆ ನಾವು ಬೋರಿನ ನೀರು ಮುಟ್ಟುವುದಿಲ್ಲ. ಕಾಸಿದ ಪಾತ್ರೆಗೆಲ್ಲ ಸುಣ್ಣದ ಹಾಗೆ ಬಿಳಿ ಕಟ್ಟುತ್ತದೆ, ನೂಲು ಒರಟಾಗುತ್ತದೆ. ನಲ್ಲಿಯಲ್ಲಿ ಬರುವ ಹೊಳೆ ನೀರನ್ನೇ ತೊಟ್ಟಿಯಲ್ಲಿ ಹಿಡಿದಿಡುತ್ತೇವೆ. ಅವತ್ತು ತೊಟ್ಟಿ ತುಂಬಿತ್ತು. ಬೈಕಿಗೆ ಬೋರಿನದು ಸಾಕು ಅನ್ನಿಸಿತು.

ತಮ್ಮ ಆಗಾಗ ಮುಚ್ಚಳ ತೆಗೆದು ನೋಡುವವನು. ಅದಕ್ಕೆ ಗಿಳಿಹಸಿರು ಪುಡಿ ಒಂದು ಚಿಟಿಕೆ ಕದಡಿದೆ. ಸ್ವಲ್ಪ ನೀಲಿ ಹೊಡೆಯಿತು. ಹಳದಿ ಒಂದು ಚೂರು ಸೇರಿಸಿದೆ. ಅಂಗಳದಲ್ಲಿ ಚೆಲ್ಲಿದ್ದರ ಪಕ್ಕದಲ್ಲಿಟ್ಟು ನೋಡಿದೆ, ಯಾವುದು ಯಾವುದೆಂದು ನನಗೇ ಹೇಳಲಾಗಲಿಲ್ಲ. ರೇಡಿಯೇಟರಿಗೆ ಹುಯ್ದು, ಮುಚ್ಚಳ ಹಾಕಿ, ಅಂಗಳ ತೊಳೆದೆ. ಬಣ್ಣ ಹೊಂದಿತಲ್ಲ ಎಂದು ಖುಷಿಯೂ ಆಯಿತು. ಅದನ್ನೂ ಮುಚ್ಚಿಡುವುದಿಲ್ಲ.

ಎರಡು ತಿಂಗಳು ಏನೂ ಆಗಲಿಲ್ಲ. ಆಮೇಲೆ ಹನೂರು ರಸ್ತೆಯ ಏರಿನಲ್ಲಿ ಮೀಟರಿನ ಕೆಂಪು ದೀಪ ಹತ್ತತೊಡಗಿತು. ಇಂಜಿನ್ ವಿಪರೀತ ಕಾಯುತ್ತಿದೆ ಎಂದು ಅದರರ್ಥ. ತಮ್ಮ ತನ್ನ ಗೆಳೆಯನನ್ನು ಕರೆತಂದ. ಒಂದೇ ಬೆಂಚಿನಲ್ಲಿ ಓದಿದವರು. ಗೆಳೆಯನದು ಬಸ್ ಸ್ಟ್ಯಾಂಡಿನ ಹಿಂದೆ ಮೆಕ್ಯಾನಿಕ್ ಅಂಗಡಿ.

"ಮೊದ್ಲು ಸುಲಭವಾದ್ದು ನೋಡವ ಕಣ್ಲಾ" ಎಂದು ಅವನು ನಮ್ಮ ಅಂಗಳದಲ್ಲೇ ಕೂತ. ರೇಡಿಯೇಟರಿನ ಮುಂದೆ ಕೂತಿದ್ದ ಮಣ್ಣು, ಸತ್ತ ಹುಳ ತೊಳೆದ. ಫ್ಯಾನು ತಿರುಗುತ್ತದೆಯೇ ನೋಡಿದ, ತಿರುಗಿತು. ಮುಚ್ಚಳದ ರಬ್ಬರು ಸಡಿಲ ಎಂದು ಹೊಸದು ಹಾಕಿದ. ಒಳಗೆ ಬೆರಳು ಅದ್ದಿ ನೋಡಿದ.

"ಕೂಲೆಂಟ್ ಪಸ್ಟಾಗ್ ಅದೆ. ಲೇ, ನಿನ್ ಗಾಡೀಲಿ ಸರ್ಯಾಗಿರಾದು ಇದೊಂದೇ ಕಣ್ಲಾ."

ನಾನು ಬಾಗಿಲಲ್ಲಿ ನಿಂತಿದ್ದೆ.

ಇನ್ನು ಥರ್ಮೋಸ್ಟಾಟ್ ನೋಡಬೇಕು ಅಂದ. ಇಂಜಿನ್ ಕಾದಾಗ ತಾನೇ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಒಂದು ಚಿಕ್ಕ ಬಾಗಿಲಂತೆ ಅದು. ಅದನ್ನು ಬಿಚ್ಚಬೇಕಾದರೆ ಒಳಗಿನ ನೀರೆಲ್ಲ ಇಳಿಸಬೇಕು. ನನ್ನ ಬೇಸಿನ್ ಕೇಳಿದ, ಕೊಟ್ಟೆ. "ಅಕ್ಕ, ವಸಿ ನಿನ್ ಒಲೆ ಕೊಡು" ಅಂದ, ಕೊಟ್ಟೆ. ಬಣ್ಣದ ಪಾತ್ರೆಯಲ್ಲಿ ನೀರು ಕಾಸಿ ಥರ್ಮೋಸ್ಟಾಟನ್ನು ದಾರದಲ್ಲಿ ಇಳಿಬಿಟ್ಟ. ಮೂವರೂ ಬಗ್ಗಿ ನೋಡಿದೆವು. ನೀರು ಚೆನ್ನಾಗಿ ಕಾದ ಮೇಲೆ ಅದು ಬಾಯಿ ಬಿಟ್ಟಿತು.

"ಬಾಯ್ ಬುಡ್ತದೆ. ಇದೂ ಸರ್ಯಾಗ್ ಅದೆ" ಅಂದ. ಮತ್ತೆ ಕೂರಿಸಿ, ಬೇಸಿನ್ನಿನ ಹಸಿರು ನೀರನ್ನು ಎತ್ತಿಕೊಂಡ. "ಒಳ್ಳೆ ಮಾಲು, ಚೆಲ್ಲಾದ್ಯಾಕೆ?" ಎಂದು ತೊಟ್ಟೂ ಬಿಡದೆ ಬೈಕಿಗೇ ಹುಯ್ದ. ಬೇಸಿನ್ ವಾಲಿಸಿ ಹಿಡಿದುಕೊಂಡವಳು ನಾನು.

ಹೊರಡುವಾಗ ತಮ್ಮನಿಗೆ ಹೇಳಿದ, "ದೀಪ ಅತ್ತುದ್ರೆ ನಿಲ್ಸು. ಇಂಜಿನ್ ತಣ್ಗಾಗಗಂಟ ಮುಚ್ಳ ಮುಟ್ಬ್ಯಾಡ."

ಮುಂದಿನ ವಾರ ತಮ್ಮ ಲೊಕ್ಕನಹಳ್ಳಿಗೆ ಹೋಗಿದ್ದ. ವಾಪಸ್ಸು ಬರುವಾಗ ಕಾಡಿನಂಚಿನಲ್ಲಿ ದೀಪ ಹತ್ತಿತು. ನಿಲ್ಲಿಸಿದ. ಹೊತ್ತು ಇಳಿಯುತ್ತಿತ್ತು. ಆ ರಸ್ತೆಯಲ್ಲಿ ಸಂಜೆ ಆನೆ ದಾಟುತ್ತವೆ. ಅವತ್ತು ಆನೆ ಬರಲಿಲ್ಲ. ಬರುವವರೆಗೆ ಇವನು ಕಾಯಲೂ ಇಲ್ಲ. ಮುಚ್ಚಳ ತೆಗೆದ. ಕುದಿಯುವ ನೀರು ಚಿಮ್ಮಿ ಬಲಗೈ ಮೊಣಕೈವರೆಗೆ ಬೆಂದಿತು.

ಹನೂರಿನಲ್ಲಿ ಗಾಯಕ್ಕೆ ಕಟ್ಟು ಹಾಕಿದ ನರ್ಸಮ್ಮ ಕೈ ನೋಡಿ ಬೈದರಂತೆ.

"ಯಾವ್ ಸೊಪ್ ಅರ್ದು ಬಳ್ದಿದ್ದೀರಿ ಇದ್ಕೆ? ಸುಟ್ಗಾಯಕ್ಕೆ ಸೊಪ್ ಬಳೀಬೇಡಿ ಅಂತ ಎಷ್ಟ್ ಸಲ ಏಳಾದು?"

"ಸೊಪ್ಪಲ್ಲ ಕಣಮ್ಮ, ರೇಡಿಯೇಟ್ರು."

"ಅದ್ಯಾವ್ ಗಿಡ?"

ಕೈ ಹಸಿರಾಗಿತ್ತು. ರೇಷ್ಮೆಗೆ ಹತ್ತುವ ಬಣ್ಣ ಚರ್ಮಕ್ಕೂ ಹತ್ತುತ್ತದೆ, ಬಿಸಿಯಲ್ಲಾದರೆ ಇನ್ನೂ ಚೆನ್ನಾಗಿ. ನಮ್ಮ ಕಸುಬಿನವರ ಉಗುರು ನೋಡಿದರೆ ಗೊತ್ತಾಗುತ್ತದೆ.

ಬೈಕು ಗೂಡ್ಸ್ ಆಟೋದಲ್ಲಿ ಮೆಕ್ಯಾನಿಕ್ ಅಂಗಡಿಗೆ ಹೋಯಿತು. ಉಳಿದಿದ್ದ ನೀರನ್ನು ಮೆಕ್ಯಾನಿಕ್ಕು ಅಂಗೈಗೆ ಹಾಕಿ ತಿಕ್ಕಿದ. ಕೂಲೆಂಟ್ ಜಾರುತ್ತದಂತೆ, ಇದು ಜಾರಲಿಲ್ಲ. ತೊಳೆದರೆ ಕಲೆಯೂ ಹೋಗಲಿಲ್ಲ. ಅದನ್ನು ಒಂದು ಬಾಟಲಿಗೆ ತುಂಬಿಕೊಂಡು ತಮ್ಮನೊಂದಿಗೆ ಜಗಳವಾಡುತ್ತಲೇ ನಮ್ಮ ಮನೆಗೆ ಬಂದ.

"ಇದು ಕೂಲೆಂಟಲ್ಲ ಕಣಕ್ಕ, ಬಣ್ಣದ್ ನೀರು" ಅಂದ.

"ಬಿಚ್ಚಿದೋನು ನೀನೊಬ್ನೇ ಕಣ್ಲಾ. ಒಳ್ಳೇದ್ ತಕಂಡು ಇದ್ನ ಉಯ್ದಿದ್ದೀಯ" ಅಂದ ತಮ್ಮ.

"ಬಂದಿದ್ನೇ ಉಯ್ದೆ ಕಣ್ಲಾ! ಅಕ್ಕನೇ ಬೇಸಿನ್ ಇಡ್ಕಂಡಿದ್ಲು. ನೋಡು, ನನ್ ಕೈಗೂ ಅತ್ತದೆ."

"ನಿನ್ ಕೈಗೇ ಅತ್ತದೆ. ಇನ್ಯಾರ್ನ ಕೇಳ್ಲಿ?"

ಮೆಕ್ಯಾನಿಕ್ಕು ಬಾಟಲಿಯನ್ನು ನನ್ನ ಮುಂದೆ ಇಟ್ಟ. "ನನ್ನಂಗ್ಡೀಲಿ ಗ್ರೀಸ್ ಅದೆ, ಆಯ್ಲ್ ಅದೆ, ಬಣ್ಣ ಎಲ್ಲದೆ? ಅಕ್ಕ, ನೀನ್ ನೋಡು. ಇದು ರೇಷ್ಮೆ ಬಣ್ಣವೋ ಅಲ್ವೋ, ನೀನ್ ಎಂಗಂದ್ರೆ ಅಂಗೆ."

ರೇಷ್ಮೆ ಬಣ್ಣ ಎಂದರೆ ಅದು ನಮ್ಮ ಮನೆಯದು, ಅವನು ಬಚಾವು. ಪರೀಕ್ಷೆ ದೊಡ್ಡದಲ್ಲ. ಬಿಳಿ ರೇಷ್ಮೆ ಎಳೆಯನ್ನು ಬಿಸಿ ಮಾಡಿದ ನೀರಿಗೆ ಅದ್ದಿ ಜಾಲಿಸಿದರೆ ಮುಗಿಯಿತು, ನಮ್ಮ ಬಣ್ಣವಾದರೆ ಹಿಡಿದು ನಿಲ್ಲುತ್ತದೆ. ನಾನು ಬಾಟಲಿಯಿಂದ ಒಂದಿಷ್ಟು ನೀರು ಬಿಸಿ ಮಾಡಿದೆ. ಎಳೆ ತೆಗೆದುಕೊಳ್ಳುವಾಗ ಲಡಿಯಿಂದ ತೆಗೆಯಲಿಲ್ಲ, ಲಡಿಗೆ ಕಟ್ಟಿದ್ದ ಹತ್ತಿಯ ದಾರ ಬಿಚ್ಚಿಕೊಂಡೆ. ಆ ಬಣ್ಣ ಹತ್ತಿಗೆ ನಿಲ್ಲುವುದಿಲ್ಲ. ಅದ್ದಿದೆ, ನಲ್ಲಿಯ ಕೆಳಗೆ ಹಿಡಿದೆ. ಹಸಿರೆಲ್ಲ ಹರಿದು ದಾರ ಬಿಳಿಯಾಗಿ ಬಂತು. ಇಬ್ಬರಿಗೂ ತೋರಿಸಿದೆ.

"ನಮ್ ಬಣ್ಣ ಅಲ್ಲ" ಅಂದೆ.

ಮೆಕ್ಯಾನಿಕ್ಕಿಗೆ ದಾರದ ಜಾತಿ ತಿಳಿಯದು. ತಮ್ಮನಿಗೆ ಕೈ ಉರಿಯುತ್ತಿತ್ತು, ಮೇಲಾಗಿ ನನ್ನ ಕೈಯಲ್ಲಿರುವುದನ್ನು ಅವನು ಯಾವತ್ತೂ ಪರೀಕ್ಷೆ ಮಾಡಿದವನಲ್ಲ. ಮೆಕ್ಯಾನಿಕ್ಕು ತನ್ನ ಅಂಗೈ ನೋಡಿಕೊಂಡ. "ಆಯ್ತಕ್ಕ" ಎಂದು ಎದ್ದು ಹೋದ. ಬಾಟಲಿ ನಮ್ಮಲ್ಲೇ ಉಳಿಯಿತು.

ಆಮೇಲೆ ತಮ್ಮ ಹೋದಲ್ಲೆಲ್ಲ ಕೈ ತೋರಿಸಿದ. ಅಗರದಲ್ಲಿ ತೋರಿಸಿದ, ಯಳಂದೂರಿನಲ್ಲಿ ತೋರಿಸಿದ, ಟೀ ಅಂಗಡಿಯಲ್ಲಿ ದಿನಾ ತೋರಿಸಿದ. ಬಣ್ಣದ ನೀರು ಹಾಕುವ ಮೆಕ್ಯಾನಿಕ್ಕು ಎಂದು ಮಾತು ಹಬ್ಬಿತು. ನಾನು ತರಕಾರಿಗೆ ಹೋಗುವಾಗ ಅವನ ಅಂಗಡಿ ಮುಂದೆಯೇ ಹೋಗಬೇಕು. ಯಾವಾಗಲೂ ನಾಲ್ಕೈದು ಬೈಕು ನಿಲ್ಲುತ್ತಿದ್ದ ಜಾಗದಲ್ಲಿ ನಮ್ಮದೊಂದೇ ನಿಂತಿರುತ್ತಿತ್ತು. ತಮ್ಮ ಅದನ್ನು ತರಲು ಹೋಗಿರಲಿಲ್ಲ. ಮೆಕ್ಯಾನಿಕ್ಕು ಸ್ಟೂಲಿನ ಮೇಲೆ ಕೂತು ರಸ್ತೆ ನೋಡುತ್ತಿದ್ದ. ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. ನಾನು ಆಮೇಲೆ ತರಕಾರಿಗೆ ಬೇರೆ ಬೀದಿಯಲ್ಲಿ ಹೋಗತೊಡಗಿದೆ. ಸುತ್ತು ದಾರಿ, ಬದನೆಕಾಯಿಯೂ ಚೆನ್ನಾಗಿರುವುದಿಲ್ಲ.

ಎರಡು ದಿನಕ್ಕೊಮ್ಮೆ ತಮ್ಮನ ಕೈಗೆ ಕಟ್ಟು ಬದಲಿಸುವವಳೂ ನಾನೇ. ಹೊಸ ಚರ್ಮ ಬರುತ್ತಾ ಹಸಿರು ಅಂಚಿಗೆ ಸರಿಯುತ್ತಿತ್ತು. ಇನ್ನು ಹತ್ತು ದಿನಕ್ಕೆ ಪೂರ್ತಿ ಹೋಗುತ್ತಿತ್ತು. ಅದು ಹೋಗಿಬಿಟ್ಟರೆ ನಾನು ಯಾವತ್ತೂ ಹೇಳುವುದಿಲ್ಲ ಎಂದು ನನಗೆ ಗೊತ್ತಾಯಿತು.

ಮಾರನೆಯ ದಿನ ಬಾಟಲಿಯ ನೀರು ಕಾಸಿ ಒಂದು ಸಣ್ಣ ಬಿಳಿ ಲಡಿ ಅದ್ದಿದೆ. ಈ ಸಲ ರೇಷ್ಮೆ. ಜಾಲಿಸಿ, ನೂಲು ಒಣಹಾಕುವ ಗಳದ ಮೇಲೆ ಹರವಿದೆ. ತಮ್ಮ ಬಂದು ನೋಡಿದ.

"ಇದ್ಯಾರ್ ಆರ್ಡ್ರಕ್ಕ? ಚೀಟೀಲಿ ಇಲ್ವಲ್ಲ."

"ನಿನ್ ಗಾಡೀದು."

ಅವನು ಲಡಿ ಮುಟ್ಟಿದ. ಕಟ್ಟಿನಿಂದ ಹೊರಗೆ ಕಾಣುತ್ತಿದ್ದ ಕೈಯ ಅಂಚಿನ ಪಕ್ಕಕ್ಕೆ ಹಿಡಿದುಕೊಂಡ.

"ಅವತ್ತು ಅದ್ದಿದ್ದು?"

"ಅತ್ತಿ ದಾರ."

ಬೇರೆಯವರಿಗೆ ಇನ್ನಷ್ಟು ಹೇಳಬೇಕಾಗುತ್ತಿತ್ತು. ಅವನೂ ಇದೇ ಒಲೆಯ ಮನೆಯಲ್ಲಿ ಹುಟ್ಟಿದವನು. ಬೈಕು ಬೀಳಿಸಿದ್ದು, ಬೋರಿನ ನೀರು, ಪುಡಿ, ಎಲ್ಲ ಹೇಳಿದೆ. ಅವನು ನನ್ನನ್ನು ಬೈಯಲಿಲ್ಲ. "ನಾನು ಊರ್ಗೆಲ್ಲ ಏಳ್ಕಂಡ್ ಬಂದ್ನಲ್ಲಕ್ಕ" ಎಂದು ಎರಡು ಸಲ ಅಂದ.

ಲಡಿ ತೆಗೆದುಕೊಂಡು ಇಬ್ಬರೂ ಅಂಗಡಿಗೆ ಹೋದೆವು. ನಾನೇ ಹೇಳಿದೆ. ಮೆಕ್ಯಾನಿಕ್ಕು ಕೈ ಒರೆಸಿಕೊಂಡು ಲಡಿಯನ್ನು ಬೆಳಕಿಗೆ ಹಿಡಿದು ನೋಡಿದ.

"ಬಣ್ಣ ಚೆಂದಾಗ್ ಕೂತದೆ ಅಕ್ಕ" ಅಂದ. ಅಷ್ಟೇ. ಆಮೇಲೆ ರೇಡಿಯೇಟರ್ ಬಿಚ್ಚಿ ತೋರಿಸಿದ. ಒಳಗಿನ ಸಣ್ಣ ಕೊಳವೆಗಳ ಬಾಯಿಗೆ ಬೋರಿನ ನೀರು ಕಾಸಿದ ಪಾತ್ರೆಗೆ ಕಟ್ಟುವ ಅದೇ ಬಿಳಿ ಕಟ್ಟಿಕೊಂಡಿತ್ತು. ನೀರು ಸಲೀಸಾಗಿ ಹರಿಯುವಂತಿರಲಿಲ್ಲ. ಎರಡು ದಿನ ನೆನೆಹಾಕಿ ತೊಳೆದ. ಹೊಸ ಕೂಲೆಂಟ್ ಹುಯ್ದು, ಮುಚ್ಚಳ ತೆಗೆದೇ ಇಂಜಿನ್ ಓಡಿಸಿ, ಒಳಗಿನ ಗಾಳಿಯೆಲ್ಲ ಗುಳ್ಳೆಯಾಗಿ ಹೋಗುವವರೆಗೆ ಪಕ್ಕದಲ್ಲೇ ಕೂತಿದ್ದ. ತಮ್ಮ ಟೀ ಅಂಗಡಿಗೆ ಹೋಗಿ, ತಪ್ಪು ನಮ್ಮ ಮನೆಯದು ಎಂದು ಎಲ್ಲರಿಗೂ ಹೇಳಿ ಬಂದ. ಯಳಂದೂರಿಗೂ ಅಗರಕ್ಕೂ ಹೋಗಿ ಹೇಳಿದ. ಅಂಗಡಿಯ ಮುಂದೆ ಬೈಕುಗಳು ಮತ್ತೆ ನಿಲ್ಲತೊಡಗಿದವು.

ಬೈಕು ಈಗ ಲೊಕ್ಕನಹಳ್ಳಿಯ ಏರಿನಲ್ಲೂ ಕಾಯುವುದಿಲ್ಲ. ಎಣ್ಣೆ ಬದಲಿಸಲು, ಚೈನ್ ಬಿಗಿ ಮಾಡಿಸಲು ತಮ್ಮ ಅದೇ ಅಂಗಡಿಗೆ ಹೋಗುತ್ತಾನೆ. ಒಂದೊಂದು ಸಲ ನಾನೂ ಹಿಂದೆ ಕೂತು ಹೋಗುತ್ತೇನೆ. ಮೆಕ್ಯಾನಿಕ್ಕು ಕೆಲಸ ಅಚ್ಚುಕಟ್ಟಾಗಿ ಮಾಡುತ್ತಾನೆ. ಮುಗಿದ ಮೇಲೆ ಕೀಲಿ ಕೊಡುತ್ತಾ ತಮ್ಮನಿಗೆ "ಆಯ್ತು ಸಾ, ತಕಂಡ್ ಓಗಿ" ಅನ್ನುತ್ತಾನೆ. ಬೇರೆ ಗಿರಾಕಿಗಳಿಗೂ ಹಾಗೇ ಅನ್ನುತ್ತಾನೆ. ತಮ್ಮ "ಸರಿ" ಎಂದು ಕೀಲಿ ತೆಗೆದುಕೊಳ್ಳುತ್ತಾನೆ. ನನ್ನನ್ನು ಮಾತ್ರ ಮೆಕ್ಯಾನಿಕ್ಕು ಈಗಲೂ ಅಕ್ಕ ಎಂದೇ ಕರೆಯುತ್ತಾನೆ, ಕೂರಲು ಸ್ಟೂಲು ಕೊಡುತ್ತಾನೆ. ನಾನು ಕೂರುವುದಿಲ್ಲ.