ಗಂಜಿ ಹಾಕಿದ ದೊರೆ

ಮೊನ್ನೆ ರೈಸ್ ಕುಕ್ಕರ್ ಕೈಕೊಟ್ಟಿತು. ಬಹಳ ವರ್ಷಗಳ ಮೇಲೆ ಪಾತ್ರೆಯಲ್ಲಿ ಅನ್ನ ಬೇಯಿಸಿ ಗಂಜಿ ಬಸಿದೆ. ಆ ಬಿಸಿ ಹಬೆ ಮೂಗಿಗೆ ಬಡಿದದ್ದೇ ತಡ, ಎದುರು ಮನೆ ಆಂಟಿ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಂತಾಯಿತು. "ಚೆಲ್ಲಬೇಡ ಕಣಮ್ಮ, ಇಲ್ಲಿ ಕೊಡು" ಎಂದು ಕೈಚಾಚಿ... ನಾನು ಚೆಲ್ಲಲಿಲ್ಲ. ತಟ್ಟೆ ಮುಚ್ಚಿ ಪಕ್ಕಕ್ಕಿಟ್ಟೆ.

ಸಿಂಗಾಪುರದ ಬೆಡೋಕಿನ ನಮ್ಮ ಬ್ಲಾಕಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದು ಕಾರಿಡಾರ್ ಅಷ್ಟೇ. ಮೈಸೂರಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತರಾದವರು, ಮಗಳ ಜೊತೆ ಇರಲು ಬಂದಿದ್ದರು. ಮಗಳಿಗೆ ತಂಜಾಂಗ್ ಪಗಾರಿನ ಬ್ಯಾಂಕಿನಲ್ಲಿ ಕೆಲಸ, ಬೆಳಗಾದರೆ ಮಾಯ. ಆಂಟಿ ಬೇಜಾರು ಮಾಡಿಕೊಂಡು ಕೂರುವ ಪೈಕಿಯಲ್ಲ. ಉಡುತ್ತಿದ್ದದ್ದು ಹತ್ತಿ ಸೀರೆ ಮಾತ್ರ, ಅದಕ್ಕೆ ಗಂಜಿ ಬೀಳಲೇಬೇಕು. ಕಿಟಕಿಯಾಚೆ ಚಾಚಿದ ಬಿದಿರು ಗಳಕ್ಕೆ ಅದನ್ನು ಹರವಿದರೆ ಗಂಜಿಯೆಲ್ಲ ತೊಟ್ಟಿಕ್ಕುತ್ತಿದ್ದದ್ದು ಕೆಳಮನೆಯ ಚೀನೀ ಆಂಟಿಯ ಬೆಡ್‌ಶೀಟಿನ ಮೇಲೆ. ಒಂದು ದಿನ ಆಕೆ ಜಗಳಕ್ಕೆಂದೇ ಮೇಲೆ ಬಂದರು. ಫಿಲ್ಟರ್ ಕಾಫಿ ಕುಡಿದರು. ಹೋಗುವಾಗ, ಗಂಡನ ಶರ್ಟಿಗೂ ಸ್ವಲ್ಪ ಗಂಜಿ ಹಾಕಿಕೊಡಿ ಎಂದು ಹೇಳಿ ಹೋದರು.

ಭಾನುವಾರ ನಾವಿಬ್ಬರೂ ಸೊಪ್ಪು, ಹೂವು ತರಲು ಲಿಟಲ್ ಇಂಡಿಯಾಕ್ಕೆ ಹೋಗುತ್ತಿದ್ದೆವು. ಧೋಬಿ ಘಾಟ್ ಸ್ಟೇಷನ್ನಿನಲ್ಲಿ ರೈಲು ಬದಲಿಸಬೇಕು. ನಾನು ಇಳಿದವಳೇ ಎಸ್ಕಲೇಟರ್ ಕಡೆ ಓಡುವವಳು. ಆಂಟಿ ಮಾತ್ರ ಬಲಗಾಲಿಟ್ಟು ಇಳಿದು, ಪ್ಲಾಟ್‌ಫಾರ್ಮಿನ ಮೇಲೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರು. ಹಿಂದಿನವರು ತಳ್ಳಿದರೂ ಕದಲುತ್ತಿರಲಿಲ್ಲ. ಯಾಕೆ ಆಂಟಿ ಎಂದು ಒಮ್ಮೆ ಕೇಳಿಯೇಬಿಟ್ಟೆ.

"ನಮ್ಮ ತಾತನ ತಾತ ಬೆಂಗಳೂರು ದಂಡಿನಲ್ಲಿ ಕಂಪನಿ ಸಿಪಾಯಿಗಳ ಬಟ್ಟೆ ಒಗೀತಿದ್ರಂತೆ ಕಣಮ್ಮ. ಪಲ್ಟನ್ ಮದ್ರಾಸಿಗೆ ಹೋಯ್ತು, ಹಡಗು ಹತ್ತಿತು. ಇವರೂ ಗಂಟುಮೂಟೆ ಕಟ್ಕೊಂಡು ಹತ್ತಿದ್ರು. ಪಿನಾಂಗಿಗೆ ಹೋದ್ರೋ, ಇಲ್ಲಿಗೇ ಬಂದ್ರೋ, ಸಮುದ್ರದಲ್ಲೇ ಹೋದ್ರೋ... ದಡ ಸೇರಿದ್ರು ಅಂತ ಹೇಳೋಕೆ ನಮ್ಮನೇಲಿ ಯಾರೂ ಇಲ್ಲ."

ಆಮೇಲೆ ಲಿಟಲ್ ಇಂಡಿಯಾ ಬರುವವರೆಗೂ ಪಾಠವೇ ಪಾಠ. ಇಂಗ್ಲಿಷರು ಸಮುದ್ರ ದಾಟಿ ಬಂದು ಬಂದರು ಕಟ್ಟಿದರು ಎಂದು ಎಲ್ಲರೂ ಹೇಳುತ್ತಾರೆ, ಸರಿ. ಆದರೆ ಆ ಹಡಗುಗಳ ಕೆಳ ಅಂತಸ್ತಿನಲ್ಲಿ ನಮ್ಮ ಕಡೆಯ ಸಿಪಾಯಿ, ಅಡುಗೆಯವ, ಕ್ಷೌರಿಕ, ಅಗಸ ಎಲ್ಲ ತುಂಬಿದ್ದರು. ರಸ್ತೆ ಕಡಿಯಲು ಕೈದಿಗಳನ್ನೂ ಅಲ್ಲಿಂದಲೇ ಇಲ್ಲಿಗೆ ಸಾಗಿಸಿದರು. ಅಗಸರು ಬಟ್ಟೆ ಒಗೆಯುತ್ತಿದ್ದ ಹಳ್ಳ ಈ ಸ್ಟೇಷನ್ನಿನ ಹತ್ತಿರವೇ ಹರಿಯುತ್ತಿತ್ತು. ಈಗ ಅದು ಕಾಲುವೆ, ಹೆಸರು ಮಾತ್ರ ಸ್ಟೇಷನ್ನಿಗೆ ಬಂದಿದೆ. ಅಕ್ಕಪಕ್ಕ ಕೂತಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಮೇಷ್ಟರ ಗಂಟಲು, ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ.

ಆ ವರ್ಷ ನಮ್ಮ ಬ್ಲಾಕಿನ ಸುತ್ತಮುತ್ತಲ ಕನ್ನಡದವರೆಲ್ಲ ಸೇರಿ ಬ್ಲಾಕಿನಡಿಯ ತೆರೆದ ಜಾಗ, ವಾಯ್ಡ್ ಡೆಕ್ಕಿನಲ್ಲಿ ರಾಜ್ಯೋತ್ಸವ ಮಾಡಿದೆವು. ಮಕ್ಕಳು ಸ್ಕೂಲಿನಲ್ಲಿ ಕಲಿಯುವ ಸಿಂಗಾಪುರದ ಕಥೆಯನ್ನೇ ಕನ್ನಡದಲ್ಲಿ ಆಡಿಸೋಣ ಎಂದು ನಮ್ಮ ಕನ್ನಡ ಕೂಟದ ಕಾರ್ಯದರ್ಶಿಗಳು ಹೇಳಿದರು. ಆಡಿಸುವ ಕೆಲಸ ಆಂಟಿಗೆ ಬಂತು. ಆಂಟಿ ಬಂದರು ಕಟ್ಟಲು ಬಂದ ಇಂಗ್ಲಿಷ್ ದೊರೆಯ ಜೊತೆ ಒಬ್ಬ ಅಗಸನನ್ನೂ ಹಡಗು ಹತ್ತಿಸಿದರು. ದೊರೆಯಾಗಲು ಮಕ್ಕಳು ಕಿತ್ತಾಡಿದರು. ಚೀಟಿ ಎತ್ತಿ, ಎರಡನೇ ಕ್ಲಾಸಿನ ನನ್ನ ಮಗಳಿಗೆ ದೊರೆಯ ಪಾತ್ರ ಸಿಕ್ಕಿತು. ಅಗಸನಾಗಲು ಮಾತ್ರ ಒಂದು ಮಗುವೂ ಇಲ್ಲ. ಮಕ್ಕಳಿಗಿಂತ ಹೆಚ್ಚಾಗಿ ಅಪ್ಪ ಅಮ್ಮಂದಿರೇ ಮೂಗು ಮುರಿದದ್ದು.

"ಮೇಡಂ, ಹಬ್ಬದ ದಿನ ಅಗಸ ಗಿಗಸ ಎಲ್ಲ ಯಾಕೆ? ಆ ಕ್ಯಾರೆಕ್ಟರ್ ಕಟ್ ಮಾಡ್ಬಿಡೋಣ. ಟೈಮೂ ಸೇವ್ ಆಗತ್ತೆ" ಎಂದರು ಕಾರ್ಯದರ್ಶಿಗಳು.

ಆಂಟಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಕ್ಕರು. "ಕಟ್ ಮಾಡೋದು ಬೇಡ ಸರ್. ನಾನೇ ಅಗಸ ಆಗ್ತೀನಿ. ನಮ್ಮನೆಗೆ ಅದು ಹೊಸದಲ್ಲ."

ಕಾರ್ಯದರ್ಶಿಗಳು ಪಟ್ಟಿಯಲ್ಲಿ ಅಗಸನ ಮುಂದೆ ಆಂಟಿಯ ಹೆಸರು ಬರೆದುಕೊಂಡರು. ಲಿಫ್ಟಿನಲ್ಲಿ ಮೇಲೆ ಹೋಗುವಾಗ ಅವರು ನನ್ನ ಕೈ ಹಿಡಿದು ಹೇಳಿದ್ದು ಇನ್ನೂ ನೆನಪಿದೆ: "ನಿಜವಾಗ್ಲೂ ಇಳಿದ್ರೋ ಇಲ್ವೋ ಗೊತ್ತಿಲ್ಲ. ಸ್ಟೇಜ್ ಮೇಲಾದ್ರೂ ಇಳಿಸ್ತೀನಿ ಕಣಮ್ಮ." ಸದಾ ನಗುವ ಹೆಂಗಸು ನಗದೆ ಮಾತಾಡಿದ್ದನ್ನು ನಾನು ಕಂಡದ್ದು ಅವತ್ತು ಮಾತ್ರ.

ಹಳೆಯ ಬಿಳಿ ಬೆಡ್‌ಶೀಟಿನಲ್ಲಿ ನಾನು ದೊರೆಯ ಕೋಟು, ಪ್ಯಾಂಟು ಹೊಲಿದೆ. ಗಂಜಿ, ಇಸ್ತ್ರಿ ಆಂಟಿಯ ಪಾಲಿಗೆ. ನಾಟಕದ ದಿನ ಹೋಗಿ ನೋಡಿದರೆ ಆ ಪ್ಯಾಂಟು ಗೋಡೆಗೆ ಒರಗಿಕೊಂಡು ತಾನೇ ನಿಂತಿತ್ತು! ಹಪ್ಪಳದಷ್ಟು ಬಿರುಸು. ಹೇಗೋ ಮಗಳನ್ನು ಅದರೊಳಗೆ ತುರುಕಿ, ಎತ್ತಿಕೊಂಡು ಹೋಗಿ ಫ್ರಿಜ್ಜಿನ ರಟ್ಟಿನ ಡಬ್ಬಿಯಲ್ಲಿ ಮಾಡಿದ ಹಡಗಿನೊಳಗೆ ನಿಲ್ಲಿಸಿದೆವು. ನಮ್ಮವರ ರೇಷ್ಮೆ ಅಂಚಿನ ಪಂಚೆಯೇ ಹಡಗಿನ ಪಟ. ಪರದೆ ಸರಿಯಿತು, ಮಕ್ಕಳು ಅಲೆ ಎಬ್ಬಿಸಿದರು, ಹಡಗು ದಡಕ್ಕೆ ಬಂತು. ಈಗ ದೊರೆ ಠೀವಿಯಿಂದ ಹಾರಿ ಇಳಿದು, ಈ ಬಂದರು ನನ್ನದು ಎಂದು ಘೋಷಿಸಬೇಕು. ದೊರೆ ಕಾಲೆತ್ತಲು ನೋಡಿದರು, ಆಗಲಿಲ್ಲ. ಬಗ್ಗಲು ನೋಡಿದರು, ಅದೂ ಆಗಲಿಲ್ಲ.

"ಆಂಟೀ, ಕಾಲು ಮಡಚಕ್ಕೇ ಆಗ್ತಿಲ್ಲ ಲಾ!" ಎಂದು ದೊರೆ ಸಿಂಗಾಪುರದ ಮಕ್ಕಳ ಧಾಟಿಯಲ್ಲೇ ಕೂಗಿಕೊಂಡರು.

ವಾಯ್ಡ್ ಡೆಕ್ ನಗುವಿನಲ್ಲಿ ಮುಳುಗಿತು. ಕಚ್ಚೆ ಹಾಕಿ, ತಲೆಗೆ ಟವೆಲ್ ಸುತ್ತಿ, ಬೆನ್ನ ಮೇಲೆ ಬಟ್ಟೆ ಗಂಟು ಹೊತ್ತಿದ್ದ ಆಂಟಿ ಮೊದಲು ತಾವು ಇಳಿದರು. ಬಲಗಾಲಿಟ್ಟು. ಒಂದು ಗಳಿಗೆ ಹಾಗೇ ನಿಂತರು. ಆಮೇಲೆ ತಿರುಗಿ, ದೊರೆಯ ಕಂಕುಳಿಗೆ ಕೈಹಾಕಿ ಅನಾಮತ್ತಾಗಿ ಎತ್ತಿ ನೆಲಕ್ಕಿಟ್ಟು, ಮೇಷ್ಟರ ಗಂಟಲಿನಲ್ಲಿ ಹೇಳಿದರು: "ದೊರೆ ಇಳಿದ್ರು ಅಂತ ಎಲ್ರಿಗೂ ಗೊತ್ತು. ನಾವೂ ಇಳಿದ್ವಿ!"

ಚಪ್ಪಾಳೆ ನಿಲ್ಲಲೇ ಇಲ್ಲ. ಕೆಳಮನೆಯ ಚೀನೀ ಆಂಟಿಗೆ ಒಂದಕ್ಷರ ಅರ್ಥವಾಗದಿದ್ದರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ನಗುತ್ತ ನಗುತ್ತಲೇ ನನಗೆ ಅಳು ಬಂತು. ಕಾರ್ಯದರ್ಶಿಗಳು ಹತ್ತಿರ ಬಂದು, "ಮುಂದಿನ ವರ್ಷಾನೂ ನೀವೇ ಮಾಡ್ಸಿ ಮೇಡಂ" ಎಂದು ತಾವೇ ಆ ಬಟ್ಟೆ ಗಂಟು ಇಳಿಸಿಕೊಂಡರು.

ಗಂಜಿ ಬೇಕೆಂದೇ ಜಾಸ್ತಿ ಹಾಕಿದ್ರಾ ಎಂದು ಆಮೇಲೆ ಕೇಳಿದೆ. "ಛೆ, ಕೈತಪ್ಪಿ ಒಂದು ಸೌಟು ಹೆಚ್ಚಾಯ್ತು" ಎಂದರು. ಗಂಜಿಯ ವಿಷಯದಲ್ಲಿ ಅವರ ಕೈ ತಪ್ಪಿದ್ದನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ತಮ್ಮ ಮಗಳಿಗೆ ಬೇರೆ ದೇಶಕ್ಕೆ ಟ್ರಾನ್ಸ್‌ಫರ್ ಆದಾಗ ಆಂಟಿ ಮೈಸೂರಿಗೆ ಹಿಂದಿರುಗಿದರು. ಫೋನ್ ಮಾಡಿದಾಗಲೆಲ್ಲ ದೊರೆ ಹೇಗಿದ್ದಾರೆ ಎಂದೇ ಮೊದಲು ಕೇಳುತ್ತಿದ್ದರು. ಹೋದ ವರ್ಷ ಆ ಫೋನೂ ನಿಂತಿತು... ನಿದ್ದೆಯಲ್ಲೇ ಹೋದರಂತೆ.

ಈ ವರ್ಷ, ಇಂಗ್ಲಿಷರು ಈ ದ್ವೀಪಕ್ಕೆ ಬಂದು ಇನ್ನೂರು ವರ್ಷವಾಯಿತೆಂದು ಊರೆಲ್ಲ ಬ್ಯಾನರ್ ಹಾಕಿದ್ದಾರೆ. ಮೊನ್ನೆ ಬಸಿದ ಗಂಜಿಯನ್ನು ನನ್ನದೊಂದು ಹತ್ತಿ ಸೀರೆಗೆ ಹಾಕಿದೆ. ಲೆಕ್ಕ ತಿಳಿಯದೆ ವಿಪರೀತ ಬಿರುಸಾಯಿತು. ಅದನ್ನೇ ಉಟ್ಟು ಭಾನುವಾರ ಮಗಳ ಜೊತೆ ಹೊರಟೆ. ರೈಲಿನಲ್ಲಿ ಕೂರಲಾಗದೆ ದಾರಿಯುದ್ದಕ್ಕೂ ನಿಂತೇ ಬಂದೆ. ಅವಳಿಗೆ ಒಂದೇ ನಗು. ಧೋಬಿ ಘಾಟಿನಲ್ಲಿ ಬಾಗಿಲು ತೆರೆಯಿತು. ನನ್ನಷ್ಟೇ ಎತ್ತರ ಬೆಳೆದಿರುವ ಮಗಳು ಬಲಗಾಲಿಟ್ಟು ಮೊದಲು ಇಳಿದು, ತಿರುಗಿ ನನಗೆ ಕೈಕೊಟ್ಟಳು. ಪ್ಲಾಟ್‌ಫಾರ್ಮಿನ ಮೇಲೆ ಇಬ್ಬರೂ ಒಂದು ಗಳಿಗೆ ಸುಮ್ಮನೆ ನಿಂತೆವು.

"ನಾವೂ ಇಳಿದ್ವಿ" ಎಂದಳು ಮೆಲ್ಲಗೆ. ಆ ಮಾತನ್ನು ಜೋರಾಗಿ ಹೇಳಿದ್ದವರು ಪಕ್ಕದಲ್ಲಿರಲಿಲ್ಲ.