ತಿಂಗಳಿಗೊಮ್ಮೆ ಮನೆಗೆ ಹೋಗುತ್ತಿದ್ದ ವರ್ಲಿನ್

ವರ್ಲಿನ್ ಟ್ವೆಟನ್‌ಗೆ ಮನೆಯಿದೆಯೋ ಇಲ್ಲವೋ ಎಂದು ತೀರ್ಮಾನ ಮಾಡುವ ಕರ್ಮ, ಸಂಬಳ ಬಟವಾಡೆ ಮಾಡುವ ನನ್ನ ತಲೆಗೆ ಬಂತು. ನ್ಯಾಯವಾಗಿ ಅದು ಪಾದ್ರಿಗೆ ಬರಬೇಕಿತ್ತು, ಇಲ್ಲವೇ ವರ್ಲಿನ್‌ನ ತಂಗಿಗೆ. ಅವರಿಬ್ಬರೂ ಎಲ್ಲ ಗೊತ್ತಿದ್ದೂ ಸುಮ್ಮನಿದ್ದರು. ಸರ್ಕಾರದ ಒಂದು ಹಾಳೆ ನನ್ನನ್ನು ಸುಮ್ಮನಿರಲು ಬಿಡಲಿಲ್ಲ.

ಲೆಫ್ಸ ಎಂಬ ಆಲೂಗಡ್ಡೆ ರೊಟ್ಟಿ ಮಾಡುವ ನಮ್ಮ ಬೇಕರಿ ಹೊಳೆಯ ಈಚೆ ದಡದ ಮೂರ್‌ಹೆಡ್‌ನಲ್ಲಿದೆ, ಅಂದರೆ ಮಿನೆಸೋಟದಲ್ಲಿ. ಸೇತುವೆ ದಾಟಿದರೆ ಫಾರ್ಗೊ, ಅದು ನಾರ್ತ್ ಡಕೋಟ. ಸೈಕಲ್ಲಿನಲ್ಲಿ ಹತ್ತು ನಿಮಿಷದ ದಾರಿ, ತೆರಿಗೆಯ ಮಟ್ಟಿಗೆ ಮಾತ್ರ ಎರಡು ಬೇರೆ ಲೋಕ. ಆಚೆ ಮನೆ, ಈಚೆ ಕೆಲಸ ಇರುವವರ ಸಂಬಳದಲ್ಲಿ ನಾನು ಮಿನೆಸೋಟದ ತೆರಿಗೆ ಮುರಿಯಬೇಕಾಗಿಲ್ಲ; ಅವರು ತಮ್ಮ ರಾಜ್ಯಕ್ಕೇ ಕಟ್ಟಿಕೊಳ್ಳುತ್ತಾರೆ. ಆದರೆ ಅದಕ್ಕೆ ಪ್ರತಿ ವರ್ಷ ಫೆಬ್ರವರಿ ಮುಗಿಯುವುದರೊಳಗೆ ಒಂದು ಅರ್ಜಿ ತುಂಬಿ ಕೊಡಬೇಕು: ನನ್ನ ಮನೆ ಆಚೆ ಇದೆ, ತಿಂಗಳಿಗೆ ಒಂದು ಸಲವಾದರೂ ಅಲ್ಲಿಗೆ ಹೋಗುತ್ತೇನೆ ಎಂದು. ಅರ್ಜಿ ಬರಲಿಲ್ಲವೆಂದರೆ ನಾನು ಮುರಿಯಲೇಬೇಕು. ಮುರಿಯದಿದ್ದರೆ ಸರ್ಕಾರ ಬೇಕರಿಯ ಕುತ್ತಿಗೆ ಹಿಡಿಯುತ್ತದೆ. ಇಪ್ಪತ್ತಮೂರು ವರ್ಷದಿಂದ ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಆ ವರ್ಷ ಆಚೆಯಿಂದ ಬರುವವರು ಒಂಬತ್ತು ಜನ. ಎಂಟು ಅರ್ಜಿ ಬಂದವು. ವರ್ಲಿನ್‌ನದು ಬರಲಿಲ್ಲ.

ವರ್ಲಿನ್ ನಮ್ಮ ಯಂತ್ರಗಳ ವೈದ್ಯ. ರೊಟ್ಟಿ ಲಟ್ಟಿಸುವ ಉರುಳೆಯ ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಾನೆ. ಮಾತು ಮಾತ್ರ ತೂಕ ಹಾಕಿ ಕೊಡುವ ಜಾತಿ. ಬೆರಳು ಸರಪಳಿಗೆ ಸಿಕ್ಕಿ ಉಗುರು ಕಿತ್ತುಬಂದ ದಿನ ಹೇಗಿದ್ದೀಯ ಎಂದು ಕೇಳಿದರೆ "ಪರವಾಗಿಲ್ಲ" ಎಂದ. ತಾಯಿ ತೀರಿಕೊಂಡಾಗಲೂ ಅದೇ "ಪರವಾಗಿಲ್ಲ". ಕಾಫಿ ಹೊತ್ತಿನಲ್ಲಿ ತಟ್ಟೆಯಲ್ಲಿ ಸಿಹಿಯ ಕೊನೆಯ ತುಂಡು ಉಳಿದರೆ ಅದನ್ನು ಅರ್ಧ ಮಾಡಿ, ಅರ್ಧವನ್ನು ಬೇರೆಯವರಿಗೆಂದು ಬಿಡುತ್ತಾನೆ. ಅದರಲ್ಲಿ ನಾವ್ಯಾರೂ ಕಡಿಮೆಯಿಲ್ಲ. ಆ ಅರ್ಧ ಸಂಜೆಯ ತನಕ ಒಣಗುತ್ತ ಕೂತಿರುತ್ತದೆ.

ಹಿಂದೆಲ್ಲ ಅವನ ಅರ್ಜಿಯನ್ನು ನಾನೇ ತುಂಬುತ್ತಿದ್ದೆ, ಅವನು ರುಜು ಹಾಕುತ್ತಿದ್ದ. ಆ ವರ್ಷ ಲೆಕ್ಕ ತಪಾಸಣೆಗೆ ಬಂದವನು, ಪ್ರತಿಯೊಬ್ಬರೂ ಸ್ವಂತ ಕೈಯಲ್ಲೇ ತುಂಬಲಿ ಎಂದು ಹೇಳಿ ಹೋದ. ಸರಿ, ಖಾಲಿ ಅರ್ಜಿಯನ್ನು ವರ್ಲಿನ್‌ನ ಊಟದ ಡಬ್ಬಿಯ ಕೆಳಗಿಟ್ಟೆ. ಮರುದಿನ ಅದು ಮಡಿಕೆ ಬಿಚ್ಚದೆ ನನ್ನ ಮೇಜಿನ ಮೇಲಿತ್ತು. ಸ್ಪ್ಯಾನರ್ ಪೆಟ್ಟಿಗೆಯಲ್ಲಿಟ್ಟೆ, ಆಗಲೂ ಹಾಗೇ. ಎದುರಿಗೆ ನಿಂತು ಯಾಕೆ ಕೊಡುತ್ತಿಲ್ಲ ಎಂದು ಕೇಳಬಹುದಿತ್ತು. ನಮ್ಮ ಕಡೆ ಹಾಗೆ ಕೇಳುವುದೆಂದರೆ ಕೆನ್ನೆಗೆ ಹೊಡೆದ ಹಾಗೆ. ಮೂರು ವಾರ ಒಳಗೊಳಗೇ ಅವನನ್ನು ಸೋಮಾರಿ, ಗೋರ್ಕಲ್ಲು ಎಂದು ಬೈದುಕೊಂಡು ಕೂತೆ.

ಇಪ್ಪತ್ತಾರನೇ ತಾರೀಕು ಪಿತ್ತ ನೆತ್ತಿಗೇರಿತು. ಅರ್ಜಿ ಹಿಡಿದು ಯಂತ್ರದ ಕೋಣೆಗೇ ನುಗ್ಗಿದೆ.

"ನಾಡಿದ್ದು ಕೊನೇ ದಿನ ವರ್ಲಿನ್. ನಿಂಗೆ ಬರೆಯೋಕೆ ಬರಲ್ವೋ, ಇಲ್ಲ ನನ್ನ ಸತಾಯಿಸೋದೇ ಚೆನ್ನಾಗಿದ್ಯೋ?"

"ಮಾರ್ಚಿಂದ ಮುರ್ಕೊಂಡ್ಬಿಡು ಗ್ಲೆನಿಸ್. ಪರವಾಗಿಲ್ಲ."

"ಏನು ಪರವಾಗಿಲ್ಲ? ಮನೆ ಆಚೆ ಇಟ್ಕೊಂಡು ತೆರಿಗೆ ಈಚೆ ಯಾಕೆ ಕಟ್ತೀಯ? ಒಂದೇ ಒಂದು ಸಾಲು ಮಾರಾಯ. ತಿಂಗಳಿಗೊಂದ್ಸಲ ಮನೆಗೆ ಹೋಗ್ತೀಯ ತಾನೇ?"

ಅವನು ಕೈಗಂಟಿದ ಗ್ರೀಸನ್ನು ಬಟ್ಟೆಯಲ್ಲಿ ಒರೆಸಿದ, ಒರೆಸುತ್ತಲೇ ಇದ್ದ.

"ಹೋಗ್ತೀನಿ. ಮೊದಲನೇ ಭಾನುವಾರ, ಚರ್ಚ್ ಮುಗಿಸ್ಕೊಂಡು. ಅಂಗಳದ ಹಿಮ ಎತ್ತಿ ಹಾಕ್ತೀನಿ. ಬೇಸಿಗೇಲಾದ್ರೆ ಹುಲ್ಲು ಕತ್ತರಿಸ್ತೀನಿ. ಆರ್ಡಿಸ್ ಕಿಟಕೀಲಿ ನಿಂತಿರ್ತಾಳೆ, ಬಾಗಿಲು ತೆಗೆಯಲ್ಲ. ಆಮೇಲೆ ಈಚೆ ಮಗಳ ಮನೆಗೆ ಬಂದ್ಬಿಡ್ತೀನಿ. ಅಲ್ಲೇ ನೆಲಮಾಳಿಗೇಲಿ ಇದೀನಿ, ಹೋದ ಈಸ್ಟರಿಂದ."

ಆರ್ಡಿಸ್ ಅವನ ಹೆಂಡತಿ, ಮದುವೆಯಾಗಿ ಮೂವತ್ತೊಂದು ವರ್ಷ.

"ಜಗಳವೇನಾದ್ರೂ?"

"ಜಗಳ ಏನಿಲ್ಲ. ಒಂದಿಷ್ಟು ದಿನ ಬೇರೆ ಕಡೆ ಇದ್ದು ಬಾ ಅಂದ್ಲು. ಎಷ್ಟು ದಿನ ಅಂತ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ." ಬಟ್ಟೆ ಪಕ್ಕಕ್ಕಿಟ್ಟು ಅಂದ, "ನೀನು ಕಾನೂನು ತಿಳ್ಕೊಂಡೋಳು. ಅಂಗಳದ ತನಕ ಹೋಗಿ ಬಂದ್ರೆ ಮನೆಗೆ ಹೋದ ಹಾಗೆ ಆಗತ್ತಾ?"

ತೆರಿಗೆಯ ಕೈಪಿಡಿ ನನಗೆ ಬಾಯಿಪಾಠ. ಅದರಲ್ಲಿ ಅಂಗಳದ ಮಾತಿಲ್ಲ, ಬಾಗಿಲಿನ ಮಾತಿಲ್ಲ. ಕಾನೂನು ಬರೆದವರ ಮೇಲೆ, ಆರ್ಡಿಸ್ ಮೇಲೆ, ಹನ್ನೊಂದು ತಿಂಗಳು ದಿನಾ ಎದುರಿಗೇ ಕಾಫಿ ಕುಡಿದೂ ಏನೂ ಕಾಣದ ನನ್ನ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. ಆಗುತ್ತದೆ ಅನ್ನಬಹುದಿತ್ತು. ನಾಳೆ ಯಾರಾದರೂ ವಿಚಾರಿಸಿದರೆ ಸಿಕ್ಕಿಬೀಳುವವನು ಅವನೇ.

"ಇಲ್ಲ ವರ್ಲಿನ್," ಅಂದೆ. "ನೀನು ಮಲಗೋದು ಇಲ್ಲಿ. ಅದೀಗ ನಿನ್ನ ಮನೆ ಅಲ್ಲ."

ಅವನು ತಲೆಯಾಡಿಸಿದ. ನನ್ನ ಮೇಜಿಗೆ ಬಂದು ಕೂತು, ಮಿನೆಸೋಟದವರು ತುಂಬುವ ಅರ್ಜಿ ಕೇಳಿ ಪಡೆದು, ವಿಳಾಸದ ಜಾಗದಲ್ಲಿ ಮಗಳ ಮನೆಯನ್ನು ದಪ್ಪ ಅಕ್ಷರದಲ್ಲಿ ಬರೆದ. ನನಗೆ ಥ್ಯಾಂಕ್ಸ್ ಬೇರೆ ಹೇಳಿ ಹೋದ.

ಮಾರ್ಚಿನ ಮೊದಲ ಭಾನುವಾರ ಮೊಣಕಾಲುದ್ದ ಹಿಮ ಬಿತ್ತು. ಸೋಮವಾರ ಬೆಳಿಗ್ಗೆ ಕಚೇರಿಗೆ ಆರ್ಡಿಸ್‌ಳ ಫೋನ್ ಬಂತು. ಹವಾಮಾನದ ಮಾತು ಮುಗಿಯಿತು, ನನ್ನ ಮಂಡಿನೋವಿನ ಮಾತೂ ಮುಗಿಯಿತು.

"ವರ್ಲಿನ್‌ಗೆ ಹುಷಾರಿಲ್ವಾ? ಸುಮ್ನೆ ಕೇಳ್ದೆ. ನಿನ್ನೆ ಬರ್ಲಿಲ್ಲ."

"ಹುಷಾರಾಗೇ ಇದಾನೆ. ನಿನ್ನೆ ಬಂದಿದ್ರೆ ಬಾಗಿಲು ತೆಗೀತಿದ್ಯಾ ಆರ್ಡಿಸ್?" ಅಷ್ಟು ನೇರವಾಗಿ ಯಾರನ್ನೂ ನಾನು ಕೇಳಿದವಳಲ್ಲ.

ಆ ಕಡೆ ಕುರ್ಚಿ ಎಳೆದ ಸದ್ದು ಕೇಳಿತು.

"ಅವನು ತಟ್ಟಿದ್ರೆ ತಾನೇ ತೆಗೆಯೋದು," ಅಂದಳು. "ಇಷ್ಟು ತಿಂಗಳಲ್ಲಿ ಒಂದು ಸಲಾನೂ ತಟ್ಟಲಿಲ್ಲ."

ಫೋನಿಟ್ಟು ಯಂತ್ರದ ಕೋಣೆಗೆ ಓಡಿದೆ. ವರ್ಲಿನ್ ಉರುಳೆಯ ಕೆಳಗೆ ಮಲಗಿ ಏನೋ ಬಿಗಿಮಾಡುತ್ತಿದ್ದ.

"ಏಳು. ಈಗ್ಲೇ ಹೋಗು. ಹೋಗಿ ಬಾಗಿಲು ತಟ್ಟು. ಅವಳು ಕಾಯ್ತಿದಾಳೆ."

ಅವನು ಎದ್ದು ಕೂತು, ಗ್ರೀಸಿನ ಬಟ್ಟೆ ಹುಡುಕಿ, ಕೈ ಒರೆಸಿಕೊಂಡ.

"ಬೇಡ ಬಿಡು ಗ್ಲೆನಿಸ್," ಅಂದ. "ಸುಮ್ನೆ ಅವಳಿಗೆ ತೊಂದ್ರೆ."