ಜನರಲ್ ಓಂಕಾರಪ್ಪನವರ ಎಡಭುಜ

ನಮ್ಮ ಕಡೆಯ ಯಾವ ಮನೆಗೆ ಹೋದರೂ ನಡುಮನೆಯ ಗೋಡೆಯ ಮೇಲೆ, ಕ್ಯಾಲೆಂಡರಿಗೂ ಮದುವೆಯ ಫೋಟೋಕ್ಕೂ ನಡುವೆ, ಕಟ್ಟು ಹಾಕಿಸಿದ ಒಂದು ಬಿನ್ನವತ್ತಳೆ ತೂಗುತ್ತಿರುವುದನ್ನು ನೀವು ಕಂಡಿರುತ್ತೀರಿ. ಕಂಡಿರುತ್ತೀರಿ ಎಂದೆ, ಓದಿರುತ್ತೀರಿ ಎನ್ನುವ ಧೈರ್ಯ ನನಗಿಲ್ಲ. ಸನ್ಮಾನದ ದಿನ ವೇದಿಕೆಯ ಮೇಲೆ ಒಬ್ಬರು ಅದನ್ನು ಗಟ್ಟಿಯಾಗಿ ಓದುತ್ತಾರೆ. ಆಮೇಲೆ ಅದರ ಕಡೆ ಕಣ್ಣು ಹಾಯಿಸುವುದು ಧೂಳು ಒರೆಸುವವರು ಮಾತ್ರ. ಕಡೂರು, ತರೀಕೆರೆ, ಅಜ್ಜಂಪುರದ ಗೋಡೆಗಳ ಮೇಲೆ ಹೀಗೆ ತೂಗುತ್ತಿರುವ ಸಾಹಿತ್ಯದಲ್ಲಿ ಬಹುಪಾಲು ನನ್ನದೇ ಎಂದು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವೂ ಇದೆ, ಸ್ವಲ್ಪ ಜಂಬವೂ ಇದೆ.

ಅಜ್ಜಂಪುರದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದಾಗ ಅಂಟಿಕೊಂಡ ಈ ಕೆಲಸ ನಿವೃತ್ತಿಯಾಗಿ ಹನ್ನೆರಡು ವರ್ಷವಾದರೂ ಬಿಟ್ಟಿಲ್ಲ. ಇಷ್ಟು ದಿನದ ಅನುಭವದಲ್ಲಿ ನಾನು ಕಂಡುಕೊಂಡದ್ದೇನೆಂದರೆ, ಹತ್ತು ವಿಶೇಷಣಗಳಿದ್ದರೆ ಭೂಮಂಡಲದ ಯಾರನ್ನು ಬೇಕಾದರೂ ಸನ್ಮಾನಿಸಿಬಿಡಬಹುದು. 'ಸರಳ ಸಜ್ಜನಿಕೆಯ ಸಾಕಾರಮೂರ್ತಿ' ಎಂಬುದು ಲೈನ್‌ಮನ್ನಿಗೂ ಒಪ್ಪುತ್ತದೆ, ಮಠದ ಸ್ವಾಮಿಗಳಿಗೂ ಒಪ್ಪುತ್ತದೆ. 'ಕಾಯಕವನ್ನೇ ಕೈಲಾಸವೆಂದು ನಂಬಿದವರು' ಎಂದು ಬರೆದರೆ ಕೆಲಸ ಮಾಡಿದವರೂ ಮಾಡದವರೂ ಸಮಾನವಾಗಿ ಸಂತೋಷಪಡುತ್ತಾರೆ. ಇವೆಲ್ಲದರ ಕಿರೀಟಪ್ರಾಯವಾಗಿ ಕೊನೆಯ ಸಾಲಿನಲ್ಲಿ 'ಅಜಾತಶತ್ರು' ಎಂದು ಬರೆದು ಪೂರ್ಣವಿರಾಮ ಹಾಕುವುದು ನನ್ನ ಪದ್ಧತಿ. ಇಂಥ ಸುಸಜ್ಜಿತ ಶಬ್ದಭಂಡಾರ ಒಂದೇ ಒಂದು ಬಾರಿ ಕೈಕೊಟ್ಟಿತು. ಕಳೆದ ವರ್ಷ ಸೈನ್ಯದ ನಿವೃತ್ತ ಜನರಲ್ ಒಬ್ಬರಿಗೆ ಬಿನ್ನವತ್ತಳೆ ಬರೆಯಲು ಕೂತಾಗ, ಶತ್ರುವೇ ಇಲ್ಲದ ಜನರಲ್ಲಿಗೆ ಸರ್ಕಾರ ಇಷ್ಟು ವರ್ಷ ಸಂಬಳ ಕೊಟ್ಟದ್ದೇಕೆ ಎಂಬ ಪ್ರಶ್ನೆ ಎದ್ದು, ಲೇಖನಿ ಅಲ್ಲೇ ನಿಂತಿತು.

ಮೇಜರ್ ಜನರಲ್ ಓಂಕಾರಪ್ಪನವರು ಅಜ್ಜಂಪುರದ ಈರುಳ್ಳಿ ಮಂಡಿಯ ಯಜಮಾನರ ಮಗ. ಹದಿನೆಂಟಕ್ಕೆ ಊರು ಬಿಟ್ಟವರು, ನಿವೃತ್ತಿಯ ನಂತರ ಕೆಲವು ವರ್ಷ ಎಲ್ಲೆಲ್ಲೋ ಇದ್ದು, ಈಗ ಊರಿಗೇ ಬಂದು ಸಣ್ಣದೊಂದು ಮನೆ ಕಟ್ಟಿಸಿಕೊಂಡಿದ್ದಾರೆ. ಅವರು ಬಂದದ್ದೇ ತಡ, ಗೊಂದಲ ಶುರುವಾಯಿತು. ತಾಯಿಯ ತವರಿನಲ್ಲಿ ಹುಟ್ಟಿದ್ದರಿಂದ ಅವರು ತಮ್ಮವರು ಎಂದು ಕಡೂರಿನವರು ಹೇಳಿದರು. ಆಗ ಅಜ್ಜಂಪುರ ತಮ್ಮ ತಾಲ್ಲೂಕಿನಲ್ಲೇ ಇತ್ತು, ಆದ್ದರಿಂದ ದಾಖಲೆಯ ಪ್ರಕಾರ ತಮ್ಮವರು ಎಂದು ತರೀಕೆರೆಯವರು ಹೇಳಿದರು. ಇನ್ನು ಅವರ ಹುದ್ದೆಯ ಗೊಂದಲ ಬೇರೆ. ಮೇಜರ್ ಆದವನು ಲೆಫ್ಟಿನೆಂಟನಿಗಿಂತ ದೊಡ್ಡವನಂತೆ, ಆದರೆ ಮೇಜರ್ ಜನರಲ್ಲು ಲೆಫ್ಟಿನೆಂಟ್ ಜನರಲ್ಲಿಗಿಂತ ಚಿಕ್ಕವನಂತೆ. ಇದನ್ನು ನನಗೆ ಮೂರು ಜನ ಮೂರು ರೀತಿ ವಿವರಿಸಿದರು, ಮೂರು ಸಲವೂ ಅರ್ಥವಾದಂತೆ ತಲೆಯಾಡಿಸಿದೆ.

ಕೊನೆಗೆ ಸನ್ಮಾನದ ಹಕ್ಕು ಅಜ್ಜಂಪುರಕ್ಕೇ ದಕ್ಕಿತು. ಸಮಿತಿಯ ಅಧ್ಯಕ್ಷ ಗೊಬ್ಬರದಂಗಡಿಯ ಷಡಕ್ಷರಿ, ನನ್ನ ಹಳೆಯ ವಿದ್ಯಾರ್ಥಿ. ಅವನು ಮನೆಗೆ ಬಂದು, "ಸಾರ್, ಬಿನ್ನವತ್ತಳೆ ನೀವೇ ಬರೀಬೇಕು. ಆ ಗುಂಡೇಟಿನ್ ವಿಷ್ಯ ಮಾತ್ರ ಚೆನ್ನಾಗಿ ಹೈಲೈಟ್ ಆಗ್ಬೇಕು ಸಾರ್" ಎಂದ. ನಾನು ಆಗಲೇ ಒಲ್ಲೆ ಎನ್ನಬೇಕಿತ್ತು.

ಯಾಕೆ ಎನ್ನುವುದನ್ನು ನಿಮ್ಮ ಹತ್ತಿರ ಮುಚ್ಚಿಟ್ಟು ಪ್ರಯೋಜನವಿಲ್ಲ. ನಾನು ಆಗತಾನೆ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಧ್ವಜ ಹಾರಿಸುವ ದಿನ ಮಕ್ಕಳಿಗೆ ಏನು ಹೇಳುವುದೆಂದು ತೋಚದೆ, ಹಿಂದಿನ ಸಂಜೆ ಮಂಡಿಯ ಯಜಮಾನರನ್ನು ಅವರ ಮಗನ ಬಗ್ಗೆ ಕೇಳಿದ್ದೆ. ಅವರು ಮೂಟೆಗಳ ನಡುವೆ ನಿಂತು, "ಅವ್ನು ಹಿಮದ ಬೆಟ್ಟದ ಕಡೆ ಇದಾನೆ ಕಣ್ರೀ ಮೇಷ್ಟ್ರೇ" ಎಂದಿದ್ದರು. ಅಷ್ಟೇ. ಅವರು ಕೊಟ್ಟದ್ದು ಬೆಟ್ಟ ಒಂದನ್ನೇ. ಅದರ ತುದಿಯಲ್ಲಿ ವೈರಿಯ ಠಾಣ್ಯವನ್ನು ಕಟ್ಟಿದವನು ನಾನು. ಮುಂದಿನ ವರ್ಷ ಕ್ಯಾಪ್ಟನ್ ಓಂಕಾರಪ್ಪನವರ ಬೆನ್ನಿಗೆ ಹನ್ನೊಂದು ಮಂದಿಯನ್ನು ಕೊಟ್ಟೆ. ಅದರ ಮುಂದಿನ ವರ್ಷ ಮುಂಜಾನೆಯ ಮಂಜಿನಲ್ಲಿ ಅವರನ್ನು ಬೆಟ್ಟ ಹತ್ತಿಸಿದೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಅವರಿಗಿಂತ ಹೆಚ್ಚಾಗಿ ನಾನೇ ಮೈಮರೆಯುತ್ತಿದ್ದೆ. ಒಂದು ವರ್ಷ ಕಥೆ ಸ್ವಲ್ಪ ಸಪ್ಪೆಯಾಯಿತೆನ್ನಿಸಿ ಅವರ ಎಡಭುಜಕ್ಕೆ ಒಂದು ಗುಂಡು ಹೊಡೆಸಿದೆ. ಆ ಗುಂಡನ್ನು ತೆಗೆಸದೆ ಹಾಗೇ ಇಟ್ಟುಕೊಂಡಿದ್ದಾರೆ ಎಂದು ಸೇರಿಸಿದವನೂ ನಾನೇ. ಆ ಮೂವತ್ತು ವರ್ಷಗಳಲ್ಲಿ ನನ್ನ ಕೈಕೆಳಗೆ ಓದಿದವರೆಲ್ಲ ಈಗ ಊರಿನಲ್ಲಿ ಅಂಗಡಿ, ತೋಟ, ಕಚೇರಿ ನಡೆಸುವ ದೊಡ್ಡ ಮನುಷ್ಯರು. ವ್ಯಾಕರಣವನ್ನು ಎಲ್ಲರೂ ಮರೆತಿದ್ದಾರೆ, ಗುಂಡನ್ನು ಒಬ್ಬರೂ ಮರೆತಿಲ್ಲ.

ವಿವರ ಸಂಗ್ರಹಿಸುವ ನೆಪದಲ್ಲಿ ಜನರಲ್ಲರ ಮನೆಗೆ ಹೋದೆ. ಅದುವರೆಗೆ ಅವರನ್ನು ಮುಖತಃ ಕಂಡವನೇ ಅಲ್ಲ. ನನ್ನ ಕಥಾನಾಯಕ ಆರಡಿ ಎತ್ತರದ ಗಿರಿಜಾ ಮೀಸೆಯವನು. ಬಾಗಿಲು ತೆರೆದವರು ನನ್ನಷ್ಟೇ ಎತ್ತರದ, ಮೀಸೆಯಿಲ್ಲದ, ನನ್ನ ಹಾಗೆಯೇ ಬಿ.ಪಿ. ಮಾತ್ರೆ ನುಂಗುವ ಮನುಷ್ಯರು. ಕಾಫಿ ಕೊಟ್ಟು, ಎದುರು ಕೂತು, ನಾನು ಬಾಯಿ ತೆರೆಯುವ ಮೊದಲೇ ಅವರೇ ಒಂದು ಪ್ರಶ್ನೆ ಹಾಕಿದರು.

"ಮೇಷ್ಟ್ರೇ, ನೀವು ಊರಿನ ಹಳಬರು. ಒಂದು ವಿಷಯ ನನಗೆ ತಿಳೀತಾನೇ ಇಲ್ಲ. ಎಲ್ಲರೂ ನನ್ನ ಎಡಭುಜ ಯಾಕೆ ನೋಡ್ತಾರೆ? ಮೊನ್ನೆ ಕಟಿಂಗ್ ಮಾಡುವವನು ಅಂಗಿ ಸರಿಸಿ ನೋಡ್ಬಿಟ್ಟ ಕಣ್ರೀ. ತರಕಾರಿ ಚೀಲ ಎಡಗೈಲಿ ಹಿಡ್ಕೊಂಡ್ರೆ ಯಾರಾದ್ರೂ ಓಡಿ ಬಂದು ಕಿತ್ಕೊಳ್ತಾರೆ!"

ಕಾಫಿಯ ಲೋಟವನ್ನು ಕೆಳಗಿಟ್ಟೆ. ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು, ಆ ವಿದ್ಯೆಯಲ್ಲಿ ನಾನು ಪಳಗಿದವನೇ. ಆದರೆ ಸುಳ್ಳಿನ ಫಲಾನುಭವಿ ಎದುರಿಗೇ ಕೂತಿದ್ದಾಗ ನಾಲಿಗೆ ಏಳಲಿಲ್ಲ. ಬೆಟ್ಟದಿಂದ ಹಿಡಿದು ಗುಂಡಿನವರೆಗೆ ಎಲ್ಲವನ್ನೂ ಒಪ್ಪಿಸಿಬಿಟ್ಟೆ. ಅವರು ಬೈಯುತ್ತಾರೆಂದುಕೊಂಡೆ, ನಗುತ್ತಾರೆಂದೂ ಅಂದುಕೊಂಡೆ. ಅವರು ಎರಡನ್ನೂ ಮಾಡಲಿಲ್ಲ.

"ನಾನು ಸಪ್ಲೈನಲ್ಲಿದ್ದೆ, ಮೇಷ್ಟ್ರೇ" ಎಂದರು. "ಸರಬರಾಜು. ಅಕ್ಕಿ, ಬೇಳೆ, ಸೀಮೆಎಣ್ಣೆ, ಈರುಳ್ಳಿ. ಇಡೀ ಸರ್ವಿಸ್‌ನಲ್ಲಿ ಶತ್ರುವಿನ ಮೇಲೆ ಒಂದು ಗುಂಡೂ ಹಾರಿಸಿಲ್ಲ."

ನಂತರ ಅವರು ಹೇಳಿದ್ದನ್ನು ನಾನು ಬರೆದುಕೊಂಡೆ. ಹಿಮ ಬಿದ್ದು ದಾರಿ ಮುಚ್ಚುವುದರೊಳಗೆ ಬೆಟ್ಟದ ಮೇಲಿನ ಠಾಣ್ಯಗಳಿಗೆ ಆರು ತಿಂಗಳ ಊಟ ತಲುಪಬೇಕು. ಲಾರಿ ಹೋಗುವಷ್ಟು ದೂರ ಲಾರಿ, ಆಮೇಲೆ ಹೇಸರಗತ್ತೆ, ಅದೂ ಹತ್ತದ ಕಡೆ ಮನುಷ್ಯರ ಬೆನ್ನು. ಅಲ್ಲಿ ಈರುಳ್ಳಿ ಹೆಪ್ಪುಗಟ್ಟಿ ಕಲ್ಲಾಗುತ್ತದಂತೆ, ಮೊಟ್ಟೆ ನೆಲಕ್ಕೆ ಬಿದ್ದರೆ ಪುಟಿಯುತ್ತದಂತೆ. ಒಂದು ವರ್ಷ ಹಿಮ ಮೊದಲೇ ಬಿದ್ದು ಒಂದು ಠಾಣ್ಯಕ್ಕೆ ಅರ್ಧ ಸಾಮಾನು ಮಾತ್ರ ಮುಟ್ಟಿತ್ತಂತೆ. ಆ ಚಳಿಗಾಲವಿಡೀ ಇವರು ಕೆಳಗಿನ ಶಿಬಿರದಲ್ಲಿ ತಟ್ಟೆಯ ಮುಂದೆ ಕೂತಾಗಲೆಲ್ಲ, ಮೇಲಿರುವವರು ಇವತ್ತು ಏನು ಉಂಡರೋ ಎಂಬ ಯೋಚನೆ ಬಂದು ತುತ್ತು ಇಳಿಯುತ್ತಿರಲಿಲ್ಲವಂತೆ. ಎಲ್ಲರೂ ಬದುಕಿ ಇಳಿದು ಬಂದರು. ಆದರೆ ಅಷ್ಟರಲ್ಲಿ ಇವರಿಗೆ ಬೇರೆ ಕಡೆಗೆ ವರ್ಗವಾಗಿತ್ತು.

"ಸೈನ್ಯದಲ್ಲೂ ನಮ್ಮನ್ನ ದಿನಸಿ ಅಂಗಡಿಯವರು ಅಂತ ತಮಾಷೆ ಮಾಡೋರು. ಊರಿಗೆ ಬಂದ್ರೆ ಇಲ್ಲಿ ಎಲ್ಲರೂ ಬೇರೆ ಯಾರಿಗೋ ಕಾಯ್ತಾ ಇದ್ರು ಅಂತ ಈಗ ಗೊತ್ತಾಯ್ತು. ನನ್ನ ಹೆಸರು, ನಮ್ಮಪ್ಪನ ಹೆಸರು, ಮನುಷ್ಯ ಮಾತ್ರ ಬೇರೆ. ನಾನು ಮಾಡಿದ್ದನ್ನ ನಮ್ಮೂರಲ್ಲಿ ಒಂದೇ ಒಂದ್ಸಲ ಓದಿ ಹೇಳಿ, ಸಾಕು."

ಬರೆದೆ. ಬದುಕಿನಲ್ಲಿ ಮೊದಲ ಬಾರಿಗೆ ಒಂದೂ ವಿಶೇಷಣವಿಲ್ಲದ ಬಿನ್ನವತ್ತಳೆ ಬರೆದೆ. ನನ್ನ ತಪ್ಪೊಪ್ಪಿಗೆಯನ್ನೂ ಕೊನೆಗೆ ಸೇರಿಸಿದೆ. ಓದಿ ನೋಡಿದ ಷಡಕ್ಷರಿಯ ಮುಖ ಬಾಡಿಹೋಯಿತು. "ಏನ್ ಸಾರ್ ಇದು? ಈರುಳ್ಳಿ ಕಳಿಸಿದ್ಕೆ ಪೇಟ ಹಾಕ್ಬೇಕು ಅಂದ್ರೆ ಮೊದ್ಲು ನಮ್ಮಪ್ಪಂಗೆ ಹಾಕ್ಬೇಕಾಗುತ್ತೆ!" ಎಂದ. ಅಜ್ಜಂಪುರದಲ್ಲಿ ಈರುಳ್ಳಿಯಿಂದ ಯಾರನ್ನೂ ಬೆರಗುಗೊಳಿಸಲಾಗದು ಎಂಬುದು ನಿಜ. ಆದರೂ ನಾನು ಜಗ್ಗಲಿಲ್ಲ.

ಸಮಾರಂಭ ಹೈಸ್ಕೂಲಿನ ಅಂಗಳದಲ್ಲೇ ನಡೆಯಿತು. ಫ್ಲೆಕ್ಸ್‌ನಲ್ಲಿ ಜನರಲ್ಲರ ಹಿಂದೆ ನಾಲ್ಕು ಯುದ್ಧವಿಮಾನಗಳು ಹೊಗೆ ಬಿಡುತ್ತಿದ್ದವು. ನಾನು ಮೈಕು ಹಿಡಿದು, ಗುಂಡು ಬಿದ್ದಿಲ್ಲ, ಠಾಣ್ಯ ಗೆದ್ದಿಲ್ಲ, ಅದೆಲ್ಲ ಈ ಮೇಷ್ಟ್ರ ಕಟ್ಟುಕಥೆ, ಇವರು ಮಾಡಿದ್ದು ಇದು ಎಂದು ಅಕ್ಷರ ಬಿಡದೆ ಓದಿದೆ. ಮುಗಿಸಿ ತಲೆಯೆತ್ತಿದಾಗ ಎದ್ದ ಚಪ್ಪಾಳೆ ನನ್ನ ಮೂವತ್ತು ವರ್ಷದ ಯಾವ ಭಾಷಣಕ್ಕೂ ಬಿದ್ದದ್ದಲ್ಲ. ಸತ್ಯಕ್ಕೆ ಇಷ್ಟು ಬೆಲೆಯಿದೆಯೇ ಎಂದು ನನ್ನ ಕಣ್ಣು ತುಂಬಿ ಬರುವಷ್ಟರಲ್ಲಿ ಷಡಕ್ಷರಿ ಮೈಕು ಕಸಿದುಕೊಂಡ.

"ಬಂಧುಗಳೇ, ನೋಡಿದ್ರಾ ದೊಡ್ಡಸ್ತಿಕೆ? ಮಿಲಿಟರಿ ಸೀಕ್ರೆಟ್ಟು ಹೊರಗ್ ಬಿಡಂಗಿಲ್ಲ. ಗುಂಡು ಬಿದ್ದಿದ್ನೂ ಇಲ್ಲ ಅಂತ ಬರೆಸಿದಾರೆ! ನಮ್ ಮೇಷ್ಟ್ರೂ ದೇಶಕ್ಕೋಸ್ಕರ ತಮ್ಮ ಮೇಲೇ ಆರೋಪ ಹೊತ್ಕೊಂಡವ್ರೆ!"

ಮತ್ತೆ ಚಪ್ಪಾಳೆ. ನನಗೂ ಒಂದು ಶಾಲು ಹೊದಿಸಿದರು. ಸುಳ್ಳು ಹೇಳಿದಾಗ ನಂಬಿದವರು ನಿಜ ಹೇಳಿದಾಗ ನಂಬದೆ, ಆ ನಿಜವನ್ನೇ ತ್ಯಾಗವೆಂದು ತಿಳಿದು ಸನ್ಮಾನವನ್ನೂ ಮಾಡಿದರೆ ಮನುಷ್ಯ ಏನು ಮಾಡಬೇಕು? ನಿಮಗೆ ತಿಳಿದಿದ್ದರೆ ಹೇಳಿ, ನನಗಂತೂ ಇವತ್ತಿಗೂ ತಿಳಿದಿಲ್ಲ. ಪಕ್ಕಕ್ಕೆ ತಿರುಗಿದರೆ ಜನರಲ್ಲರು ಪೇಟದ ಕೆಳಗೆ ಒಂದು ನಗೆಯನ್ನು ಹಾಗೇ ಹಿಡಿದುಕೊಂಡು ಕೂತಿದ್ದರು. ಅಷ್ಟು ಜನರ ನಡುವೆ ಅಷ್ಟು ಒಂಟಿಯಾದ ಮುಖವನ್ನು ನಾನು ಕಂಡಿಲ್ಲ. ಅದನ್ನು ಹಾಗೆ ಮಾಡಿದವನು ನಾನು ಎಂಬ ನಾಚಿಕೆಯಲ್ಲಿ ಶಾಲು ಬೆಂಕಿಯಂತೆ ಸುಡುತ್ತಿತ್ತು.

ಶಾಲೆಯ ಜಗುಲಿಯಲ್ಲಿ ಊಟ. ನಾನು ಜನರಲ್ಲರ ಪಕ್ಕದಲ್ಲೇ ಕೂತೆ. ಅವರು ಎಲೆಯ ಮೇಲಿನ ಅನ್ನವನ್ನು ಬೆರಳಲ್ಲಿ ಆಚೀಚೆ ಸರಿಸುತ್ತಿದ್ದರು. ಆಗ ಸಾರಿನ ಬಕೆಟ್ಟು ಹಿಡಿದು ಬಂದವರು ಗೌರಮ್ಮ. ಇದೇ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುವವರು. ಅಂದಿನ ಅಡುಗೆಯೂ ಅವರದೇ. ನನ್ನ ಓದನ್ನು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ಮೈಕಿನಲ್ಲಿ ಕೇಳಿಸಿಕೊಂಡಿದ್ದರಂತೆ.

"ಸ್ವಾಮೀ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ" ಎಂದರು. "ಈರುಳ್ಳಿ ಕಲ್ಲಾಗ್ತಿತ್ತು ಅಂದ್ರಲ್ಲ ಮೇಷ್ಟ್ರು, ಅದನ್ನ ಹೆಂಗೆ ಹೆಚ್ತಿದ್ರು?"

ಜನರಲ್ಲರು ತಲೆಯೆತ್ತಿದರು. "ಹೆಚ್ಚೋಕಾಗ್ತಿರ್ಲಿಲ್ಲ ಕಣಮ್ಮ. ಸುತ್ತಿಗೇಲಿ ಕುಟ್ಟಿ ಹಾಕ್ತಿದ್ರು."

"ಬೇಳೆ ಬೇಯ್ತಿತ್ತಾ ಅಷ್ಟೆತ್ತರದಾಗೆ?"

"ಎಲ್ಲಿ ಬೇಯುತ್ತೆ! ನೀರು ಕುದಿಯುತ್ತೆ, ಬೇಳೆ ಬೇಯಲ್ಲ. ಕುಕ್ಕರ್ ಬೇಕು. ಆ ಕುಕ್ಕರ್ ಮೇಲಕ್ಕೆ ಹತ್ತಿಸೋಕೆ ನಾನು ಎಷ್ಟು ಹೋರಾಡಿದ್ದೀನಿ ಅಂದ್ರೆ..." ಅವರ ದನಿಯೇ ಬದಲಾಗಿತ್ತು. ಕೈಯಾಡಿಸುತ್ತ, ಕುಕ್ಕರನ್ನು ಹೇಸರಗತ್ತೆಗೆ ಹೇಗೆ ಕಟ್ಟುತ್ತಿದ್ದರೆಂದು ವಿವರಿಸಿದರು. ಮೂವತ್ತು ವರ್ಷ ಅವರ ಕಥೆ ಹೇಳಿದ ನನಗೆ ಇಂಥ ಒಂದು ಪ್ರಶ್ನೆಯೂ ಹೊಳೆದಿರಲಿಲ್ಲ.

"ಮತ್ತೆ ಅವ್ರು ಉಣ್ಣೋದನ್ನ ನೋಡಿದ್ರಾ ನೀವು?" ಎಂದರು ಗೌರಮ್ಮ.

"ಇಲ್ಲ ಕಣಮ್ಮ. ನಾನು ಕೆಳಗಿದ್ದೆ. ಒಂದಿನಾನೂ ನೋಡ್ಲಿಲ್ಲ."

"ಅಯ್ಯೋ ಶಿವನೇ, ಹೆಂಗೆ ತಡ್ಕಂಡ್ರಿ? ಮಕ್ಳು ಉಂಡಿದ್ದು ನೋಡ್ದಿದ್ರೆ ನಂಗೆ ಆವತ್ತು ಸಮಾಧಾನಾನೇ ಇರಲ್ಲ." ಎಲೆಯ ಕಡೆ ನೋಡಿ, ತಣ್ಣಗಾಗಿದ್ದ ಅನ್ನದ ಮೇಲೆ ಬಿಸಿ ಸಾರು ಬಡಿಸಿದರು. "ಉಣ್ಣಿ. ನೀವಾದ್ರೂ ಉಣ್ಣೋದು ನೋಡ್ತೀನಿ."

ಜನರಲ್ ಓಂಕಾರಪ್ಪನವರು ಪೇಟ ತೆಗೆದು ಬೆಂಚಿನ ಮೇಲಿಟ್ಟು, ಎಲೆಗೆ ಬಗ್ಗಿ, ಒಂದು ಅಗುಳೂ ಬಿಡದೆ ಉಂಡರು. ಗೌರಮ್ಮ ಸಾರಿನ ಬಕೆಟ್ಟು ಹಿಡಿದುಕೊಂಡು ಕೊನೆಯ ತುತ್ತಿನವರೆಗೂ ಅಲ್ಲೇ ನಿಂತಿದ್ದರು.